ಎರಡು ಪಿಎನ್‌ಆರ್, ನಾಲ್ಕು ಸೂಟ್‌ಕೇಸ್: ಹನುಮಂತನಗರದಿಂದ ಕೊಲಂಬಸ್‌ಗೆ ಹೋದ ಒಂದು ಪ್ರಯಾಣದ ಪ್ರಕರಣ ಅಧ್ಯಯನ

ಹನುಮಂತನಗರದ ನಿವೃತ್ತ ಮೇಷ್ಟ್ರು ಮತ್ತು ಅವರ ಹೆಂಡತಿ. ಇಬ್ಬರಿಗೂ ಅರವತ್ತು ದಾಟಿದೆ. ಮಗಳು ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿದ್ದಾಳೆ, ತುಂಬು ಬಸುರಿ. ಬಾಣಂತನಕ್ಕೆ ಹೊರಟಿದ್ದರು. ಇಬ್ಬರಿಗೂ ಇದೇ ಮೊದಲ ವಿದೇಶ ಪ್ರಯಾಣ. ಟಿಕೆಟ್ಟನ್ನು ಅಳಿಯ ಅಲ್ಲಿಂದಲೇ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದ್ದ. ನಮ್ಮ ಟ್ರಾವೆಲ್ಸ್‌ಗೆ ಅವರು ಬಂದದ್ದು ಪ್ರಯಾಣ ವಿಮೆ ಮಾಡಿಸೋಕೆ ಮತ್ತು ಟಿಕೆಟ್ ಪ್ರಿಂಟ್ ತೆಗೆಸೋಕೆ, ಅಷ್ಟೇ.

ಪ್ರಿಂಟ್ ತೆಗೆದಾಗ ಎರಡು ಹಾಳೆ ಬಂದವು. ಎರಡರ ಮೇಲೂ ಬೇರೆ ಬೇರೆ ಪಿಎನ್‌ಆರ್, ಅಂದರೆ ಬುಕಿಂಗ್ ನಂಬರ್. ಈ ಪ್ರಕರಣದ ತೊಂದರೆಯೆಲ್ಲ ಅಲ್ಲೇ ಇತ್ತು.

ಟಿಕೆಟ್ ಹೀಗಿತ್ತು

ಮೊದಲ ಹಾಳೆ: ಬೆಂಗಳೂರಿನಿಂದ ದುಬೈ, ದುಬೈಯಿಂದ ಶಿಕಾಗೊ. ಎರಡನೆಯದು: ಶಿಕಾಗೊದಿಂದ ಕೊಲಂಬಸ್, ಬೇರೆ ಏರ್‌ಲೈನ್. ಶಿಕಾಗೊದಲ್ಲಿ ಇಳಿಯುವುದು ಮಧ್ಯಾಹ್ನ 3:40ಕ್ಕೆ, ಮುಂದಿನ ವಿಮಾನ ಸಂಜೆ 6:15ಕ್ಕೆ. ಹೀಗೆ ಬೇರೆ ಬೇರೆ ತೆಗೆದದ್ದರಿಂದ ಇಬ್ಬರಿಗೂ ಸೇರಿ 130 ಡಾಲರ್ ಉಳಿದಿದೆ ಅಂತ ಅಳಿಯ ಹೇಳಿದ್ದನಂತೆ.

"ಎರಡೂವರೆ ಗಂಟೆ ಧಾರಾಳ ಆಯ್ತಲ್ಲಮ್ಮ" ಅಂದರು ಮೇಷ್ಟ್ರು. "ಮೆಜೆಸ್ಟಿಕ್‌ನಲ್ಲಿ ಬಸ್ ಬದಲಿಸೋಕೆ ಹತ್ತು ನಿಮಿಷ ಸಾಕು. ಇವರು ಎರಡೂವರೆ ಗಂಟೆ ಕೊಟ್ಟಿದ್ದಾರೆ."

ಯಾರೂ ಕೊಟ್ಟಿರಲಿಲ್ಲ, ತಾವಾಗೇ ಇಟ್ಟುಕೊಂಡದ್ದು. ಒಂದೇ ಟಿಕೆಟ್‌ನಲ್ಲಿ ಎರಡು ವಿಮಾನ ಇದ್ದರೆ, ಆ ನಿಲ್ದಾಣದಲ್ಲಿ ಕನೆಕ್ಷನ್‌ಗೆ ಕನಿಷ್ಠ ಇಷ್ಟು ಸಮಯ ಬೇಕು ಎನ್ನುವ ಲೆಕ್ಕ ಬುಕಿಂಗ್ ವ್ಯವಸ್ಥೆಯೊಳಗೇ ಇರುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಟಿಕೆಟ್ ಸಿಗುವುದೇ ಇಲ್ಲ. ಮೊದಲ ವಿಮಾನ ತಡವಾಗಿ ಕನೆಕ್ಷನ್ ತಪ್ಪಿದರೆ ಮುಂದಿನ ವಿಮಾನದಲ್ಲಿ ಕೂರಿಸುವುದೂ ಅವರ ಜವಾಬ್ದಾರಿ. ಎರಡು ಟಿಕೆಟ್ ಆದಾಗ ಇವೆರಡೂ ಇಲ್ಲ. ಎರಡನೇ ಏರ್‌ಲೈನ್‌ಗೆ ನೀವು ದುಬೈಯಿಂದ ಬಂದಿರಿ ಅನ್ನುವುದೇ ಗೊತ್ತಿರುವುದಿಲ್ಲ. ಕೌಂಟರ್ ಮುಚ್ಚುವ ಹೊತ್ತಿಗೆ ಬರಲಿಲ್ಲ ಅಂದರೆ ನೋ-ಶೋ ಅಂತ ಬರೆದುಕೊಂಡು ಸುಮ್ಮನಾಗುತ್ತಾರೆ.

ಇಂಥ ಟಿಕೆಟ್ ನೋಡಿದಾಗ ನಾನು ಎಷ್ಟು ಗಂಟೆ ಲೇಓವರ್ (ಎರಡು ವಿಮಾನಗಳ ನಡುವೆ ಕಾಯುವ ಸಮಯ) ಅಂತ ಮೊದಲು ನೋಡುವುದಿಲ್ಲ. ಪ್ರತಿ ನಿಲ್ದಾಣಕ್ಕೂ ಮೂರು ಪ್ರಶ್ನೆ ಹಾಕಿಕೊಳ್ಳುತ್ತೇನೆ. ಇಲ್ಲಿ ಪಾಸ್‌ಪೋರ್ಟ್ ತೋರಿಸಿ ದೇಶದೊಳಗೆ ಹೋಗಬೇಕಾ? ಬ್ಯಾಗ್ ಕೈಗೆ ಬರುತ್ತದಾ? ಸೆಕ್ಯೂರಿಟಿ ಮತ್ತೆ ಆಗಬೇಕಾ? ಗಂಟೆಯ ಲೆಕ್ಕ ಆಮೇಲೆ.

ಮೇಷ್ಟ್ರ ಟಿಕೆಟ್‌ಗೆ ಹಾಕಿ ನೋಡಿ. ಬೆಂಗಳೂರಿನ ಟರ್ಮಿನಲ್ 2ರಲ್ಲಿ ಬ್ಯಾಗ್ ಕೊಟ್ಟು, ಇಮಿಗ್ರೇಷನ್‌ನಲ್ಲಿ ಸ್ಟಾಂಪ್ ಹಾಕಿಸಿ, ಸೆಕ್ಯೂರಿಟಿ ದಾಟಿದರೆ ಮುಗಿಯಿತು. ದುಬೈಯಲ್ಲಿ ಬ್ಯಾಗ್ ಕೈಗೆ ಬರುವುದಿಲ್ಲ, ಇಮಿಗ್ರೇಷನ್ ಇಲ್ಲ, ಹೊರಗೆ ಹೋಗದಿದ್ದರೆ ವೀಸಾ ಕೂಡ ಬೇಡ. ಸೆಕ್ಯೂರಿಟಿ ಮಾತ್ರ ಇನ್ನೊಂದು ಸಲ. ಆದರೆ ಶಿಕಾಗೊದಲ್ಲಿ ಮೂರಕ್ಕೂ ಹೌದು.

ಮೇಷ್ಟ್ರಿಗೆ ಅರ್ಥವಾಗದೆ ಉಳಿದದ್ದು ಬ್ಯಾಗ್ ವಿಚಾರ. "ಒಂದೇ ಟಿಕೆಟ್ ಆಗಿದ್ದರೆ ಬ್ಯಾಗ್ ಸೀದಾ ಕೊಲಂಬಸ್‌ಗೇ ಹೋಗ್ತಿತ್ತಾ?" ಅಂತ ಕೇಳಿದರು. ಇಲ್ಲ. ಟ್ಯಾಗ್ ಮೇಲೆ ಕೊಲಂಬಸ್ ಅಂತ ಇದ್ದರೂ ಅಮೆರಿಕದಲ್ಲಿ ಮೊದಲು ಇಳಿದ ಊರಲ್ಲಿ ಬ್ಯಾಗ್ ಎತ್ತಿಕೊಂಡು ಕಸ್ಟಮ್ಸ್ ದಾಟಬೇಕು. ಸಾಮಾನ್ಯ ನಿಯಮ ಅದು. ವ್ಯತ್ಯಾಸ ಇರುವುದು ಆಮೇಲಿನ ಹೆಜ್ಜೆಯಲ್ಲಿ. ಒಂದೇ ಟಿಕೆಟ್ ಆದರೆ ಕಸ್ಟಮ್ಸ್ ಬಾಗಿಲು ದಾಟಿದ ಕೂಡಲೇ ಬ್ಯಾಗ್ ಮತ್ತೆ ಕೊಡುವ ಜಾಗ ಇರುತ್ತದೆ. ಟ್ಯಾಗ್ ಆಗಲೇ ಇದೆ, ಕೊಟ್ಟು ಕೈ ಬೀಸಿಕೊಂಡು ಹೋಗಬಹುದು. ಎರಡು ಟಿಕೆಟ್ ಆದರೆ ನಾಲ್ಕು ಸೂಟ್‌ಕೇಸನ್ನೂ ಎಳೆದುಕೊಂಡು ಇನ್ನೊಂದು ಟರ್ಮಿನಲ್‌ಗೆ ಹೋಗಬೇಕು, ಆ ಏರ್‌ಲೈನ್ ಕೌಂಟರಿನಲ್ಲಿ ಸರದಿ ನಿಂತು ಹೊಸದಾಗಿ ಚೆಕ್-ಇನ್ ಮಾಡಿಸಬೇಕು. ಶಿಕಾಗೊ ಓಹೇರ್‌ನಲ್ಲಿ ಹೊರದೇಶದ ವಿಮಾನಗಳು ಹೆಚ್ಚಾಗಿ ಬರುವುದು ಟರ್ಮಿನಲ್ 5ಕ್ಕೆ. ಇವರ ಮುಂದಿನ ವಿಮಾನ ಬೇರೆ ಟರ್ಮಿನಲ್‌ನಲ್ಲಿತ್ತು. ನಡುವೆ ಒಂದು ಪುಟ್ಟ ರೈಲು ಓಡುತ್ತದೆ.

ಇನ್ನೊಂದು ಇದೆ, ಇದನ್ನು ಅಳಿಯ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಮೊದಲ ಟಿಕೆಟ್‌ನಲ್ಲಿ ತಲೆಗೆ 23 ಕಿಲೋದ ಎರಡು ಬ್ಯಾಗ್ ಉಚಿತ. ಎರಡನೆಯದು ಅಮೆರಿಕದ ಒಳನಾಡಿನ ಟಿಕೆಟ್, ಅದರಲ್ಲೂ ಅತಿ ಅಗ್ಗದ ದರದ್ದು. ಅಲ್ಲಿ ಪ್ರತಿ ಬ್ಯಾಗಿಗೂ ದುಡ್ಡು. ಮೊದಲನೆಯದಕ್ಕೆ ಸುಮಾರು 35 ಡಾಲರ್, ಎರಡನೆಯದಕ್ಕೆ ಸುಮಾರು 45. ಇಬ್ಬರಿಗೆ 160. ಉಳಿಸಿದ್ದು 130.

ಏನು ಮಾಡಬಹುದಿತ್ತು

ಅಳಿಯ ಕಾರಿನಲ್ಲಿ ಶಿಕಾಗೊಗೆ ಬಂದು ಕರೆದುಕೊಂಡು ಹೋಗುವುದು ಒಂದು ದಾರಿ. ಆದರೆ ಕೊಲಂಬಸ್‌ನಿಂದ ಶಿಕಾಗೊ ಸುಮಾರು 570 ಕಿಲೋಮೀಟರ್, ಒಂದು ಕಡೆಗೇ ಆರು ಗಂಟೆ ಹತ್ತಿರ. ಬಸುರಿ ಹೆಂಡತಿಯನ್ನು ಒಂಟಿಯಾಗಿ ಬಿಟ್ಟು ಅಷ್ಟು ದೂರ ಬರುವುದು ಬೇಡ ಅಂತ ಅಮ್ಮ ಒಂದೇ ಮಾತಲ್ಲಿ ತಳ್ಳಿಹಾಕಿದರು. (ಮೇಷ್ಟ್ರ ಮನೆಯವರನ್ನು ನಾನು ಅಮ್ಮ ಅಂತಲೇ ಕರೆಯುವುದು.)

ಎರಡನೇ ಟಿಕೆಟ್ ರದ್ದು ಮಾಡುವುದು ಇನ್ನೊಂದು. ಅಮೆರಿಕದ ನಿಯಮದ ಪ್ರಕಾರ, ಪ್ರಯಾಣಕ್ಕೆ ಏಳು ದಿನವೋ ಅದಕ್ಕಿಂತ ಹೆಚ್ಚೋ ಇದ್ದಾಗ ಬುಕ್ ಮಾಡಿದ ಟಿಕೆಟ್ಟನ್ನು 24 ಗಂಟೆಯೊಳಗೆ ರದ್ದು ಮಾಡಿದರೆ ಪೂರ್ತಿ ಹಣ ವಾಪಸ್ ಬರುತ್ತದೆ. ಆ 24 ಗಂಟೆ ಯಾವತ್ತೋ ಕಳೆದಿತ್ತು. ಅಗ್ಗದ ದರದ ಟಿಕೆಟ್ ಆದ್ದರಿಂದ ದಿನಾಂಕ ಬದಲಿಸುವ ಅವಕಾಶವೂ ಇರಲಿಲ್ಲ.

ಕೊನೆಗೆ ಆದದ್ದು ಇದು: ಅದೇ ದಿನ ರಾತ್ರಿ 9:50ರ ವಿಮಾನಕ್ಕೆ ಹೊಸ ಟಿಕೆಟ್. ಹಳೆಯ ಟಿಕೆಟ್ ದುಡ್ಡು ಹೋಯಿತು. ಅಳಿಯನಿಗೆ ಫೋನ್‌ನಲ್ಲಿ ಹೇಳಿದಾಗ ಮೊದಲು ಒಪ್ಪಲಿಲ್ಲ. "ನಾನು ಬರುವಾಗ ಒಂದೂವರೆ ಗಂಟೆಯಲ್ಲಿ ಹೊರಗೆ ಬಂದಿದ್ದೆ ಮೇಡಂ" ಅಂದ. ಬಂದಿರಬಹುದು. ಅವನಿಗೆ ಮೂವತ್ತೆರಡು ವಯಸ್ಸು, ಕೈಯಲ್ಲಿ ಒಂದು ಬ್ಯಾಗ್, ಬೋರ್ಡ್ ಓದಿಕೊಂಡು ಓಡಬಲ್ಲ. ಮಕ್ಕಳು ತಮ್ಮ ಕಾಲಿನ ವೇಗಕ್ಕೆ ಅಪ್ಪ ಅಮ್ಮನ ಟಿಕೆಟ್ ತೆಗೆಯುವುದನ್ನು ನಾನು ಜಾಸ್ತಿ ನೋಡಿದ್ದೇನೆ.

ಒಂದು ವಿಷಯದಲ್ಲಿ ಇವರ ಅದೃಷ್ಟ ಚೆನ್ನಾಗಿತ್ತು. ಟಿಕೆಟ್ ತುಂಡಾಗಿದ್ದದ್ದು ಶಿಕಾಗೊದಲ್ಲಿ. ಅಮೆರಿಕದ ವೀಸಾ ಹೇಗೂ ಇದೆ, ಹೊರಗೆ ಬಂದು ಬ್ಯಾಗ್ ಎತ್ತಿಕೊಳ್ಳಬಹುದು. ಇದೇ ತುಂಡು ದುಬೈಯಲ್ಲೋ ಯುರೋಪಿನಲ್ಲೋ ಆಗಿದ್ದರೆ, ಬ್ಯಾಗ್ ತೆಗೆದುಕೊಳ್ಳೋಕೆ ಆ ದೇಶದೊಳಗೆ ಕಾಲಿಡಬೇಕಾಗುತ್ತದೆ, ಅದಕ್ಕೆ ಆ ದೇಶದ ವೀಸಾ ಬೇಕಾಗಬಹುದು. ಅದು ಇಲ್ಲದಿದ್ದರೆ ಬೆಂಗಳೂರಿನ ಕೌಂಟರಿನಲ್ಲೇ ಬೋರ್ಡಿಂಗ್ ಪಾಸ್ ಕೊಡುವುದಿಲ್ಲ.

ಅಬುಧಾಬಿ ಮೇಲೆ ಹೋಗಿದ್ದರೆ ಹೇಗೆ ಅಂತಲೂ ಮೇಷ್ಟ್ರು ಕೇಳಿದರು. ಯಾರೋ ವಾಕಿಂಗ್ ಸ್ನೇಹಿತರು ಹೇಳಿದ್ದರಂತೆ. ಸರಿಯಾಗೇ ಹೇಳಿದ್ದರು. ಅಬುಧಾಬಿಯಲ್ಲಿ 2014ರಿಂದ ಅಮೆರಿಕದ ಪ್ರೀಕ್ಲಿಯರೆನ್ಸ್ ಇದೆ. ಅಂದರೆ ಅಮೆರಿಕದ ಅಧಿಕಾರಿಗಳು ಅಲ್ಲೇ ಕೂತು ಇಮಿಗ್ರೇಷನ್, ಕಸ್ಟಮ್ಸ್ ಎರಡನ್ನೂ ಮುಗಿಸಿ ಕಳಿಸುತ್ತಾರೆ. ಶಿಕಾಗೊದಲ್ಲಿ ಇಳಿದರೆ ಅಲ್ಲಿನ ಒಳನಾಡಿನ ಪ್ರಯಾಣಿಕರಂತೆ ಸೀದಾ ನಡೆದುಕೊಂಡು ಹೋಗಬಹುದು. ವಯಸ್ಸಾದವರಿಗೆ ಇದು ನಿಜಕ್ಕೂ ಅನುಕೂಲ. ಆದರೆ ಅಲ್ಲಿ ಲೇಓವರ್ ಉದ್ದ ಇರಬೇಕು, ಸರದಿಯೆಲ್ಲ ಅಲ್ಲೇ ನಿಲ್ಲಬೇಕಲ್ಲ. ಟಿಕೆಟ್ ಆಗಲೇ ಆಗಿಹೋಗಿದ್ದರಿಂದ ಈ ದಾರಿ ಇವರಿಗೆ ಬರಲಿಲ್ಲ.

ಅಂಟಿನುಂಡೆ

ಪ್ಯಾಕಿಂಗ್ ಮುಂಚೆ ಸಾಮಾನಿನ ಪಟ್ಟಿ ಬರೆದು ತನ್ನಿ ಅಂತ ಅಮ್ಮನಿಗೆ ಹೇಳಿದ್ದೆ. ಎರಡು ಪುಟ ತುಂಬ ಬರೆದು ತಂದರು. ಮೊದಲ ಸಾಲೇ ಅಂಟಿನುಂಡೆ. ಬಾಣಂತಿಗೆ ಅಂತ ಮಾಡಿ ಆಗಲೇ ಡಬ್ಬಕ್ಕೆ ತುಂಬಿಟ್ಟಿದ್ದರು.

"ಅಮ್ಮ, ಇದರಲ್ಲಿ ಗಸಗಸೆ ಹಾಕಿದ್ದೀರಾ?"

"ಗಸಗಸೆ ಇಲ್ಲದೆ ಅಂಟಿನುಂಡೆ ಆಗತ್ತೇನೆ?"

ದುಬೈ ಇರುವ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಗಸಗಸೆ ನಿಷಿದ್ಧ ವಸ್ತು. ಅಫೀಮಿನ ಗಿಡದ ಬೀಜ ಅದು, ಅಲ್ಲಿ ಮಾದಕ ವಸ್ತುವಿನ ಕಾನೂನಿನ ಕೆಳಗೆ ಬರುತ್ತದೆ. ಸಿಂಗಪುರದಲ್ಲೂ ಸೌದಿಯಲ್ಲೂ ಗಸಗಸೆ ತೊಂದರೆಯದೇ. ನಾವು ಬರೀ ವಿಮಾನ ಬದಲಿಸುತ್ತೇವೆ, ಊರೊಳಗೆ ಹೋಗುವುದಿಲ್ಲವಲ್ಲ ಅಂತ ಮೇಷ್ಟ್ರು ವಾದ ಹೂಡಿದರು. ದುಬೈಯಲ್ಲಿ ಕೈಚೀಲ ಮತ್ತೆ ಎಕ್ಸ್‌ರೇ ಒಳಗೆ ಹೋಗುತ್ತದೆ, ಅಲ್ಲಿ ನಡೆಯುವುದು ಅವರ ಕಾನೂನು. ಬಾಣಂತನಕ್ಕೆ ಹೊರಟವರು ದುಬೈಯಲ್ಲಿ ಗಸಗಸೆಗೆ ಸಮಜಾಯಿಷಿ ಕೊಡುತ್ತಾ ಕೂರುವುದು ಯಾಕೆ? ಅಮ್ಮ ಒಂದು ದಿನ ಮುನಿಸಿಕೊಂಡಿದ್ದರು. ಆಮೇಲೆ ಗಸಗಸೆ ಬಿಟ್ಟು, ಉತ್ತುತ್ತೆ, ಗೋಡಂಬಿ ಜಾಸ್ತಿ ಹಾಕಿ ಇನ್ನೊಂದು ಸಲ ಮಾಡಿದರು. ಮೊದಲು ಮಾಡಿದ್ದು ನಮ್ಮ ಆಫೀಸಿಗೆ ಬಂತು. ನಮಗೇನೂ ನಷ್ಟ ಆಗಲಿಲ್ಲ.

ಪಟ್ಟಿಯಲ್ಲಿ ಕೊಬ್ಬರಿ ಗಿಟುಕು ಇತ್ತು. ಅದನ್ನು ಹೊಡೆದುಹಾಕಿದೆ. ಒಣಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಬೆಂಕಿ ಹತ್ತುವ ವಸ್ತು ಅಂತ ಭಾರತದಲ್ಲಿ ಚೆಕ್-ಇನ್ ಬ್ಯಾಗಿಗೆ ಹಾಕಲು ಬಿಡುವುದಿಲ್ಲ. ಬೆಂಗಳೂರಲ್ಲೇ ಸೂಟ್‌ಕೇಸ್ ತೆಗೆಸಿ ಹೊರಗಿಡಿಸುತ್ತಾರೆ. ಕರಿಬೇವು ಇತ್ತು, ಅದೂ ಹೋಯಿತು. ಕಿತ್ತಳೆ, ನಿಂಬೆ ಗಿಡಗಳನ್ನು ಹಾಳು ಮಾಡುವ ರೋಗ ಹರಡುವ ಒಂದು ಪುಟ್ಟ ಹುಳ ಕರಿಬೇವಿನ ಮೇಲೂ ಬದುಕುತ್ತದೆ, ಅಮೆರಿಕದವರಿಗೆ ಅದರ ಭಯ. ವೀಳ್ಯದೆಲೆ ದುಬೈಗೇ ಆಗದು.

ಚಟ್ನಿಪುಡಿ, ಸಾರಿನಪುಡಿ, ಹುಳಿಪುಡಿ ಎಲ್ಲವನ್ನೂ ಕೈಚೀಲದಲ್ಲಿ ಇಟ್ಟುಕೊಳ್ಳುವ ಯೋಚನೆ ಅಮ್ಮನದು. ಸೂಟ್‌ಕೇಸ್ ಕಳೆದುಹೋದರೆ ಅಂತ. ಆದರೆ ಹೊರದೇಶದಿಂದ ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ 350 ಮಿಲಿಲೀಟರ್‌ಗಿಂತ ಜಾಸ್ತಿ ಪುಡಿ ಕೈಚೀಲದಲ್ಲಿದ್ದರೆ ಬಿಡದೇ ಇರಬಹುದು. 2018ರಿಂದ ಈ ನಿಯಮ ಇದೆ. ನೋಡುವುದು ದುಬೈಯಲ್ಲಿ, ಶಿಕಾಗೊ ವಿಮಾನ ಹತ್ತುವ ಮುಂಚೆ. ಅಂದರೆ ಬೆಂಗಳೂರಲ್ಲಿ ಏನೂ ಅನ್ನದೆ ಬಿಟ್ಟದ್ದು ಅಲ್ಲಿ ಕಸದ ಬುಟ್ಟಿಗೆ ಹೋಗಬಹುದು. ಪುಡಿಗಳೆಲ್ಲ ಸೂಟ್‌ಕೇಸ್‌ಗೆ ಹೋದವು, ಎರಡು ಸೂಟ್‌ಕೇಸ್‌ನಲ್ಲಿ ಅರ್ಧರ್ಧ. ಪ್ರತಿ ಪೊಟ್ಟಣದ ಮೇಲೂ ಇಂಗ್ಲಿಷ್‌ನಲ್ಲಿ ಹೆಸರು. ಮೇಷ್ಟ್ರ ಕೈಬರಹ ಮುತ್ತಿನಂತಿದೆ, ಆ ಕೆಲಸ ಅವರದ್ದಾಯಿತು.

ಅಮ್ಮ ಹಾಕಿಕೊಂಡು ಹೋಗುವ ನಾಲ್ಕು ಬಳೆ ಮತ್ತು ಎರಡೆಳೆ ಸರದ ಬಗ್ಗೆಯೂ ಒಂದು ಕೆಲಸ ಇತ್ತು. ವಾಪಸ್ ಬರುವಾಗ ಇದು ಹೊರಗೆ ಕೊಂಡದ್ದಾ ಅನ್ನುವ ಪ್ರಶ್ನೆ ಬರದಿರಲಿ ಅಂತ, ಹೋಗುವ ದಿನವೇ ಬೆಂಗಳೂರು ನಿಲ್ದಾಣದ ಕಸ್ಟಮ್ಸ್‌ನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಬಹುದು. ಗಾಂಧಿಬಜಾರಿನ ಆಭರಣದಂಗಡಿಯಲ್ಲಿ ತೂಕ, ಬೆಲೆ ಬರೆಸಿಕೊಂಡು, ಒಡವೆಯ ಫೋಟೋ ತೆಗೆಸಿ ಇಟ್ಟುಕೊಂಡರು. ಇದಕ್ಕಾಗಿ ನಿಲ್ದಾಣಕ್ಕೆ ಒಂದು ಗಂಟೆ ಮುಂಚೆ ಹೋಗಿ ಅಂದೆ. ಬ್ಯಾಗ್ ಕೊಟ್ಟು ಒಳಗೆ ಹೋದ ಮೇಲೆ ನೆನಪಾದರೆ ಕಷ್ಟ.

ಹೊರಟ ದಿನ

ಬೆಂಗಳೂರಿನಲ್ಲಿ ಹೇಳುವಂಥದ್ದು ಏನೂ ನಡೆಯಲಿಲ್ಲ. ವೀಲ್‌ಚೇರ್ ಹೇಳಿಟ್ಟಿದ್ದೆವು. ಅಮ್ಮನಿಗೆ ಮೊಣಕಾಲು ನೋವು, ಮೇಷ್ಟ್ರು ಗಟ್ಟಿಮುಟ್ಟಾಗಿದ್ದಾರೆ. ವೀಲ್‌ಚೇರ್ ತಳ್ಳುವವರು ದಾರಿಯೂ ತೋರಿಸುತ್ತಾರೆ ಅಂತ ಚೆನ್ನಾಗಿ ಓಡಾಡುವವರೂ ಕೇಳುವುದುಂಟು. ಅದು ನನಗೆ ಸರಿ ಕಾಣುವುದಿಲ್ಲ, ನಿಜಕ್ಕೂ ಬೇಕಾದವರು ಕಾಯುತ್ತಾ ಕೂರಬೇಕಾಗುತ್ತದೆ. ದುಬೈಯಲ್ಲಿ ನೀರಿನ ಬಾಟಲಿ ಹೋಯಿತು, ಅಷ್ಟೇ.

ಶಿಕಾಗೊದಲ್ಲಿ ವಿಮಾನ ಹೇಳಿದ ಹೊತ್ತಿಗೇ ಇಳಿಯಿತು. ಇಮಿಗ್ರೇಷನ್ ಸರದಿಯಲ್ಲಿ ಗಂಡ ಹೆಂಡತಿ ಒಟ್ಟಿಗೆ ಒಂದೇ ಕೌಂಟರಿಗೆ ಹೋಗಬಹುದು ಅಂತ ಮೊದಲೇ ಹೇಳಿದ್ದೆ. ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ, ಒಬ್ಬರೇ ಇನ್ನೊಂದು ಸಾಲಿಗೆ ಹೋದರೆ ಗಾಬರಿ. ಅಧಿಕಾರಿ ಕೇಳಿದ್ದು ಮೂರೇ ಪ್ರಶ್ನೆಯಂತೆ. ಯಾಕೆ ಬಂದಿರಿ, ಎಷ್ಟು ದಿನ, ಎಲ್ಲಿ ಇರುತ್ತೀರಿ. ಮಗಳನ್ನು ನೋಡೋಕೆ, ಮೊಮ್ಮಗು ಬರುತ್ತದೆ, ಐದು ತಿಂಗಳು ಇರುತ್ತೇವೆ ಅಂತ ಇದ್ದದ್ದನ್ನೇ ಹೇಳಿದರು. ವಾಪಸ್ ಟಿಕೆಟ್ ತೋರಿಸಿದರು. ಬೆರಳಚ್ಚು, ಫೋಟೋ, ಆಯಿತು.

ಇಲ್ಲಿ ಒಂದು ಮಾತು. ವೀಸಾ 10 ವರ್ಷದ್ದು ಅಂದರೆ 10 ವರ್ಷ ಇರಬಹುದು ಅಂತಲ್ಲ. ಪ್ರತಿ ಸಲ ಎಷ್ಟು ದಿನ ಇರಬಹುದು ಎನ್ನುವುದನ್ನು ಆ ಕೌಂಟರಿನ ಅಧಿಕಾರಿ ತೀರ್ಮಾನಿಸುತ್ತಾರೆ, ಪ್ರವಾಸಿ ವೀಸಾಗೆ ಸಾಮಾನ್ಯವಾಗಿ ಆರು ತಿಂಗಳು. ಅದು ಐ-94 ಎಂಬ ದಾಖಲೆಯಲ್ಲಿರುತ್ತದೆ. ಈಗ ಕಾಗದ ಕೊಡುವುದಿಲ್ಲ, ಆನ್‌ಲೈನ್‌ನಲ್ಲಿ ನೋಡಿಕೊಳ್ಳಬೇಕು. ಮನೆ ಸೇರಿದ ಮೇಲೆ ಅಳಿಯ ಅದನ್ನು ತೆಗೆದು ದಿನಾಂಕ ಬರೆದಿಟ್ಟುಕೊಂಡ.

ಇಮಿಗ್ರೇಷನ್ ಕೌಂಟರ್ ದಾಟುವಾಗ ಗಂಟೆ 5:20. ಹಳೆಯ ಟಿಕೆಟ್ ಇದ್ದಿದ್ದರೆ, ಆ ಏರ್‌ಲೈನ್‌ನಲ್ಲಿ ಬ್ಯಾಗ್ ಕೊಡಲು ಕೊನೆಯ ಹೊತ್ತು 5:30. ಇವರ ಸೂಟ್‌ಕೇಸ್‌ಗಳು ಇನ್ನೂ ಬೆಲ್ಟ್ ಮೇಲೆ ಸುತ್ತುತ್ತಿದ್ದವು.

ಕಸ್ಟಮ್ಸ್‌ನಲ್ಲಿ ತಿಂಡಿ ತಂದಿದ್ದೀರಾ ಅಂತ ಕೇಳಿದಾಗ ಮೇಷ್ಟ್ರು ಹೌದು ಅಂದು ಪಟ್ಟಿಯನ್ನೇ ಮುಂದೆ ಹಿಡಿದರು. ಪಕ್ಕದ ಎಕ್ಸ್‌ರೇಗೆ ಕಳಿಸಿ, ಒಂದು ಸೂಟ್‌ಕೇಸ್ ತೆಗೆಸಿದರು. ಉಪ್ಪಿನಕಾಯಿ, ಪುಡಿ, ಉಂಡೆ ಯಾವುದಕ್ಕೂ ಏನೂ ಅನ್ನಲಿಲ್ಲ. ಅಮ್ಮನ ವ್ಯಾನಿಟಿ ಬ್ಯಾಗಿನಲ್ಲಿ ಒಂದು ಪುಟ್ಟ ಪೊಟ್ಟಣ ಇತ್ತು, ಪಟ್ಟಿಯಲ್ಲಿ ಇರಲಿಲ್ಲ. ರಾಯರ ಮಠದ ಮಂತ್ರಾಕ್ಷತೆ. ಹೊರಡುವ ದಿನ ಬೆಳಿಗ್ಗೆ ಪಕ್ಕದ ಮನೆಯವರು ಕೊಟ್ಟದ್ದು, ಸೀರೆಯ ಸೆರಗಿಗೆ ಕಟ್ಟಿಕೊಳ್ಳುವ ಬದಲು ಬ್ಯಾಗಿಗೆ ಹಾಕಿಕೊಂಡಿದ್ದರು. ಅದು ಅಕ್ಕಿ. ಭಾರತದಿಂದ ಬರುವ ಪ್ರಯಾಣಿಕರು ಅಕ್ಕಿ ತರುವಂತಿಲ್ಲ. ದಾಸ್ತಾನು ಮಾಡಿದ ಧಾನ್ಯವನ್ನು ಹಾಳು ಮಾಡುವ ಖಪ್ರಾ ಎನ್ನುವ ದುಂಬಿ ಅದರ ಜೊತೆ ಬಂದೀತು ಅಂತ 2011ರಿಂದ ಈ ನಿಷೇಧ. ಹಿಡಿಯಷ್ಟೇ ಇದ್ದರೂ ಅಕ್ಕಿ ಅಕ್ಕಿಯೇ.

ಅಧಿಕಾರಿ ಬೇರೆ ಪೊಟ್ಟಣಗಳನ್ನು ನೋಡುತ್ತಿದ್ದಾಗಲೇ ಅಮ್ಮ ತಾವಾಗಿ ಅದನ್ನು ತೆಗೆದು ಮೇಜಿನ ಮೇಲಿಟ್ಟರಂತೆ. ಮೇಷ್ಟ್ರು ದೇವಸ್ಥಾನದ್ದು ಅಂತ ವಿವರಿಸಿದರು. ಅಕ್ಕಿ ತೆಗೆದುಕೊಂಡರು, ಜೊತೆಗಿದ್ದ ಕುಂಕುಮ ವಾಪಸ್ ಕೊಟ್ಟರು. ದಂಡ ಇಲ್ಲ. ಹೇಳದೆ ಸಿಕ್ಕಿಬಿದ್ದರೆ ಮೊದಲ ಸಲಕ್ಕೇ 300 ಡಾಲರ್ ಹಾಕಬಹುದು. ಇದೆ ಅಂತ ಹೇಳಿದರೆ ಹೆಚ್ಚೆಂದರೆ ವಸ್ತು ಹೋಗುತ್ತದೆ, ದುಡ್ಡು ಹೋಗುವುದಿಲ್ಲ. ನಮ್ಮವರು ಹೆದರಿ "ಏನೂ ಇಲ್ಲ" ಅಂದುಬಿಡುತ್ತಾರೆ, ಸೂಟ್‌ಕೇಸ್ ತುಂಬ ಚಕ್ಕುಲಿ ಇಟ್ಟುಕೊಂಡು.

ನಾವು ಯಾರೂ ಎಣಿಸದಿದ್ದ ಕಷ್ಟ ಆಮೇಲೆ ಬಂತು. ಟರ್ಮಿನಲ್ 5ರ ಹೊರಬಾಗಿಲಿನ ಹತ್ತಿರ ವೀಲ್‌ಚೇರ್ ನಿಂತಿತು. ಅದು ಮೊದಲ ಟಿಕೆಟ್‌ನ ವೀಲ್‌ಚೇರ್. ಎರಡನೇ ಏರ್‌ಲೈನ್‌ನ ವೀಲ್‌ಚೇರ್ ಸಿಗುವುದು ಅವರ ಕೌಂಟರಿನಲ್ಲಿ. ನಡುವಿನ ರೈಲು, ನಾಲ್ಕು ಸೂಟ್‌ಕೇಸ್, ಮೊಣಕಾಲು ನೋವು, ಇವೆಲ್ಲ ಯಾರ ಲೆಕ್ಕಕ್ಕೂ ಬರುವುದಿಲ್ಲ. ಮೇಷ್ಟ್ರು ನಿಲ್ದಾಣದ ಉಚಿತ ವೈಫೈ ಹಿಡಿದು ಮಗಳಿಗೆ ವಾಟ್ಸಾಪ್ ಕರೆ ಮಾಡಿದರು. ಮಗಳು ಅಳುವುದೊಂದು ಬಾಕಿ. ಅವಳು ಹೇಳಿದಂತೆ ಒಬ್ಬ ಪೋರ್ಟರ್‌ನನ್ನು ಕೇಳಿದರು, ಆತ ಸಾಮಾನು ಗಾಡಿಗೇರಿಸಿ ಕೌಂಟರ್ ತನಕ ಬಂದ. 20 ಡಾಲರ್ ಟಿಪ್ಸ್ ಕೊಟ್ಟರು. ನಾನು ಬರೆದುಕೊಟ್ಟಿದ್ದ ಇಂಗ್ಲಿಷ್ ಚೀಟಿಯನ್ನು ಅವನಿಗೆ ತೋರಿಸಿದ್ದು ಕೆಲಸಕ್ಕೆ ಬಂತಂತೆ. ಯಾವ ಏರ್‌ಲೈನ್, ಯಾವ ಟರ್ಮಿನಲ್, ಎಷ್ಟು ಗಂಟೆ ವಿಮಾನ, ಮಗಳ ನಂಬರ್, ಇಷ್ಟೇ ಇತ್ತು ಅದರಲ್ಲಿ.

ಕೌಂಟರ್ ಮುಟ್ಟಿದಾಗ 6:50. ಬ್ಯಾಗಿನ 160 ಡಾಲರ್ ಅಳಿಯ ಮೊದಲೇ ಆನ್‌ಲೈನ್‌ನಲ್ಲಿ ಕಟ್ಟಿದ್ದ. ಸೆಕ್ಯೂರಿಟಿ ಮತ್ತೆ ಆಯಿತು. ಆಮೇಲೆ ಎರಡು ಗಂಟೆ ಹತ್ತಿರ ಕೂತು, ಮನೆಯಿಂದ ತಂದ ಚಪಾತಿ ತಿಂದರು. ಅಮ್ಮ ಅಲ್ಲೇ ಒಂದು ಕೋಳಿನಿದ್ದೆ ತೆಗೆದರು.

ಲೆಕ್ಕ

ಎರಡು ಟಿಕೆಟ್ ಮಾಡಿ ಉಳಿಸಿದ್ದು 130 ಡಾಲರ್. ಬ್ಯಾಗಿಗೆ 160, ಪೋರ್ಟರ್‌ಗೆ 20, ಬಿಟ್ಟುಹೋದ ಟಿಕೆಟ್ ಮತ್ತು ರಾತ್ರಿಯ ಹೊಸ ಟಿಕೆಟ್ ಬೇರೆ. ಒಂದೇ ಟಿಕೆಟ್ ಆಗಿದ್ದರೂ ಆ ಇಮಿಗ್ರೇಷನ್ ಸರದಿಯಲ್ಲಿ 6:15ರದ್ದು ತಪ್ಪಿಹೋಗಬಹುದಿತ್ತು, ಅದನ್ನು ಒಪ್ಪಬೇಕು. ಆದರೆ ಆಗ ಮುಂದಿನ ವಿಮಾನ ಹುಡುಕಿ ಕೂರಿಸುವ ತಲೆನೋವು ಏರ್‌ಲೈನ್‌ನದು, ಬ್ಯಾಗೂ ಅವರದು, ವೀಲ್‌ಚೇರ್ ಕೊನೇತನಕ ಜೊತೆಗಿರುತ್ತಿತ್ತು. ವಿಮೆ ಇತ್ತಲ್ಲ ಅನ್ನಬಹುದು. ಕನೆಕ್ಷನ್ ತಪ್ಪಿದ್ದಕ್ಕೆ ಪರಿಹಾರ ಕೊಡುವ ಪಾಲಿಸಿಗಳು ಸಾಮಾನ್ಯವಾಗಿ ಮೊದಲ ವಿಮಾನ ಇಷ್ಟು ಗಂಟೆ ತಡವಾಗಿರಬೇಕು ಅಂತ ಷರತ್ತು ಹಾಕುತ್ತವೆ. ಇಲ್ಲಿ ವಿಮಾನ ಸರಿಯಾದ ಹೊತ್ತಿಗೇ ಬಂದಿತ್ತು.

ವಾಪಸ್ ಬರುವ ಟಿಕೆಟ್ ಹೀಗೆ ತುಂಡಾಗದಂತೆ ಅಳಿಯ ಕೊಲಂಬಸ್‌ನಿಂದ ಬೆಂಗಳೂರಿಗೆ ಒಂದೇ ಪಿಎನ್‌ಆರ್‌ನಲ್ಲಿ ಬದಲಾಯಿಸಿಕೊಂಡ. ಬರುವಾಗ ಶಿಕಾಗೊದಲ್ಲಿ ಬ್ಯಾಗ್ ಮುಟ್ಟುವ ಕೆಲಸವೇ ಇಲ್ಲ. ಅಮೆರಿಕದಿಂದ ಹೊರಗೆ ಹೋಗುವಾಗ ಅಲ್ಲಿ ಇಮಿಗ್ರೇಷನ್ ಕೌಂಟರ್ ಕೂಡ ಇರುವುದಿಲ್ಲ. ಕೊಲಂಬಸ್‌ನಲ್ಲಿ ಕೊಟ್ಟ ಸೂಟ್‌ಕೇಸ್ ಬೆಂಗಳೂರಿನ ಬೆಲ್ಟ್ ಮೇಲೆ ಬಂತು. ಅಳಿಯ ಕೊಡಿಸಿದ ಒಂದು ಲ್ಯಾಪ್‌ಟಾಪ್ ಇತ್ತು. 18 ದಾಟಿದ ಪ್ರಯಾಣಿಕರಿಗೆ ಒಂದು ಲ್ಯಾಪ್‌ಟಾಪ್‌ಗೆ ಸುಂಕ ಇಲ್ಲ. ಬಳೆ ನೋಡಿ ಕೇಳಿದಾಗ ಅಮ್ಮ ಸರ್ಟಿಫಿಕೇಟ್ ತೋರಿಸಿದರು, ಫೋಟೋಗೆ ಹೋಲಿಸಿ ನೋಡಿ ಬಿಟ್ಟರು.

ಈಗ ಬೀಗರು ಹೊರಟಿದ್ದಾರೆ, ಮಗುವನ್ನು ನೋಡಿಕೊಂಡು ಬರೋಕೆ. ಮೇಷ್ಟ್ರೇ ಅವರನ್ನು ನಮ್ಮ ಆಫೀಸಿಗೆ ಕರೆದುಕೊಂಡು ಬಂದು, ಟಿಕೆಟ್ ಮೇಜಿನ ಮೇಲಿಟ್ಟು, "ನೋಡಮ್ಮ, ಒಂದೇ ಪಿಎನ್‌ಆರ್" ಅಂದರು. ಒಂದೇ ಇತ್ತು, ದೆಹಲಿ ಮೇಲೆ. ಹೋಗುವಾಗ ದೆಹಲಿಯಲ್ಲಿ ಇಮಿಗ್ರೇಷನ್, ಬ್ಯಾಗ್ ಮುಂದಕ್ಕೆ ಹೋಗುತ್ತದೆ, ತೊಂದರೆ ಇಲ್ಲ. ಬರುವಾಗ ದೆಹಲಿಯಲ್ಲೇ ಇಮಿಗ್ರೇಷನ್ ಮುಗಿಸಿ, ಬ್ಯಾಗ್ ಎತ್ತಿಕೊಂಡು ಕಸ್ಟಮ್ಸ್ ದಾಟಿ, ಮತ್ತೆ ಕೊಟ್ಟು, ಸೆಕ್ಯೂರಿಟಿ ಆಗಿ, ಬೆಂಗಳೂರಿನ ವಿಮಾನ ಹತ್ತಬೇಕಾಗಬಹುದು. ಅದಕ್ಕೆ ಇಟ್ಟಿದ್ದದ್ದು 1 ಗಂಟೆ 55 ನಿಮಿಷ. ಒಂದೇ ಟಿಕೆಟ್ ಆದ್ದರಿಂದ ತಪ್ಪಿದರೂ ಬೀದಿಗೆ ಬೀಳುವುದಿಲ್ಲ. ಆದರೂ ಬೀಗರಿಗೆ ಎಪ್ಪತ್ತು ಹತ್ತಿರ. ಮುಂದಿನ ವಿಮಾನಕ್ಕೆ ಹಾಕಿಸಿ, ನಾಲ್ಕು ಗಂಟೆ ಇರಲಿ ಅಂತ ಅಳಿಯನಿಗೆ ಮೆಸೇಜ್ ಮಾಡಿದೆ. ಈ ಸಲ ವಾದ ಮಾಡಲಿಲ್ಲ.